ಪುಟ ತುಂಬದ ಪ್ರಬಂಧ

1928ರ ಮಾರ್ಚ್ 31ರ ‘ನೇಚರ್’ ಪತ್ರಿಕೆಯಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಅವರ ಒಂದು ಪುಟ್ಟ ಬರಹ ಅಚ್ಚಾಯಿತು. ಪತ್ರಿಕೆಯ ಒಂದು ಪುಟಕ್ಕೆ ಸಾಲುವಷ್ಟೂ ಅದಿಲ್ಲ. ಮೂರು ವರ್ಷ ಕಳೆಯುವುದರೊಳಗೆ ರಾಮನ್‌ಗೆ ನೊಬೆಲ್ ಬಂತು. ಸಂಶೋಧನಾ ಪ್ರಬಂಧ ಬರೆಯುವುದು ಹೇಗೆಂದು ಕೇಳುವ ವಿದ್ಯಾರ್ಥಿಗೆ ದಪ್ಪ ಕೈಪಿಡಿ ಕೊಡುವ ಮೊದಲು ಈ ಪುಟವನ್ನು ಓದಿಸಬೇಕು.

ಇದರ ಬೇರು ಇರುವುದು 1921ರ ಹಡಗಿನ ಪಯಣದಲ್ಲಿ. ಕಡಲು ನೀಲಿಯಾಗಿ ಕಾಣುವುದು ಆಕಾಶದ ಪ್ರತಿಫಲನದಿಂದ ಎಂದು ಲಾರ್ಡ್ ರ‍್ಯಾಲೆ ಹೇಳಿದ್ದರು. ದೊಡ್ಡವರ ಮಾತು, ಎಲ್ಲರೂ ಒಪ್ಪಿದ್ದರು. ಇಂಗ್ಲೆಂಡಿನಿಂದ ಮರಳುತ್ತಿದ್ದ ರಾಮನ್ ನಿಕೋಲ್ ಪಟ್ಟಕವೊಂದನ್ನು ಕಣ್ಣಿಗೆ ಹಿಡಿದು, ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ತಡೆದು ನೋಡಿದರು. ನೀಲಿ ಅಳಿಯಲಿಲ್ಲ, ಇನ್ನಷ್ಟು ಗಾಢವಾಯಿತು. ಅಂದರೆ ಬೆಳಕನ್ನು ಚದುರಿಸುತ್ತಿರುವುದು ನೀರೇ. ಇದರಿಂದ ಯಾರಿಗೆ ಏನು ಲಾಭ? ಆಗ ಯಾರಿಗೂ ಏನೂ ಇರಲಿಲ್ಲ. ಮೂಲ ಸಂಶೋಧನೆ ಶುರುವಾಗುವುದೇ ಹೀಗೆ.

ಕಲ್ಕತ್ತೆಯ ಪ್ರಯೋಗಶಾಲೆಯಲ್ಲಿ ಮುಂದಿನ ವರ್ಷಗಳೆಲ್ಲ ದ್ರವಗಳಲ್ಲಿ ಬೆಳಕು ಚದುರುವುದನ್ನು ಅಳೆಯುವುದರಲ್ಲಿ ಹೋದವು. 1923ರಲ್ಲಿ ಶಿಷ್ಯ ಕೆ.ಆರ್. ರಾಮನಾಥನ್ ಅವರಿಗೆ ಚದುರಿದ ಬೆಳಕಿನಲ್ಲಿ ಬೇರೆ ಬಣ್ಣದ ಮಸುಕು ಅಂಶವೊಂದು ಕಂಡಿತು. ದ್ರವದಲ್ಲಿನ ಕಲ್ಮಷವೇ ಹೀಗೆ ಹೊಳೆಯುತ್ತಿದೆ ಎಂಬ ಅನುಮಾನ ಸಹಜವಾಗಿಯೇ ಎದ್ದಿತು. ಎಷ್ಟು ಶುದ್ಧಿ ಮಾಡಿದರೂ ಅದು ಹೋಗಲಿಲ್ಲ.

1928ರ ಪುಟದ ಜೀವ ಇರುವುದು ಈ ಅನುಮಾನಕ್ಕೆ ಕೊಟ್ಟ ಉತ್ತರದಲ್ಲಿ. ಬಿಸಿಲನ್ನು ದೂರದರ್ಶಕದ ಮಸೂರದಿಂದ ಒಟ್ಟುಗೂಡಿಸಿ ದ್ರವದೊಳಗೆ ಹಾಯಿಸಿದ್ದಾಯಿತು. ದ್ರವವೋ, ಮತ್ತೆ ಮತ್ತೆ ಬಟ್ಟಿ ಇಳಿಸಿದ್ದು. ಬೆಳಕಿನ ದಾರಿಗೆ ನೀಲಿ-ನೇರಳೆ ಫಿಲ್ಟರ್ ಇಟ್ಟು, ಅದು ಬಿಡುವ ಬೆಳಕನ್ನು ಪೂರ್ತಿ ತಡೆಯುವ ಹಳದಿ-ಹಸಿರು ಫಿಲ್ಟರ್ ಜೋಡಿಸಿದರೆ ಕತ್ತಲಾಗಬೇಕು. ಎರಡನೆಯದನ್ನು ದ್ರವದ ಆಚೆ, ನೋಡುವ ಕಣ್ಣಿನ ಮುಂದಿಟ್ಟಾಗ ಮಾತ್ರ ಬೆಳಕು ಉಳಿಯುತ್ತದೆ. ಬಣ್ಣ ಬದಲಾಗಿದ್ದು ದ್ರವದೊಳಗೇ ಎಂಬುದಕ್ಕೆ ಅದೇ ಸಾಕ್ಷಿ. ಸುಮಾರು 60 ದ್ರವಗಳಲ್ಲಿ ಹೀಗೆ ನೋಡಿದೆವು, ಹೆಚ್ಚೋ ಕಡಿಮೆಯೋ ಎಲ್ಲದರಲ್ಲೂ ಕಂಡಿತು ಎನ್ನುತ್ತಾರೆ ಲೇಖಕರು. ಇದು ಕಲ್ಮಷದ ಹೊಳಪು, ಅಂದರೆ ಪ್ರತಿದೀಪ್ತಿ, ಯಾಕಲ್ಲ? ಒಂದು, ಬೆಳಕು ತೀರ ಮಂದ. ಇನ್ನೊಂದು, ಅದು ಧ್ರುವೀಕರಣಗೊಂಡಿದೆ. ಓದುಗ ಬಾಯಿ ತೆರೆಯುವ ಮೊದಲೇ ಅವನ ತಕರಾರನ್ನು ತಾವೇ ಎತ್ತಿ, ತಾವೇ ತೂಗಿದ್ದಾರೆ.

ನಮ್ಮ ಪತ್ರಿಕೆಗಳಿಗೆ ಬರುವ ‘ಸಂಶೋಧನಾ ಲೇಖನ’ಗಳ ಪಾಡು ಬೇರೆ. ಪೀಠಿಕೆಯೇ ಮೂರು ಪುಟ, ವಿದ್ವಾಂಸರ ಹೇಳಿಕೆಗಳ ಸಾಲು, ಕೊನೆಗೆ ಎಲ್ಲರಿಗೂ ಗೊತ್ತಿದ್ದ ತೀರ್ಮಾನ. ಪ್ರಶ್ನೆ ಏನಿತ್ತು ಎಂದು ಹುಡುಕಿದರೂ ಸಿಗದು. ಜತೆಗಿನ ಪತ್ರದಲ್ಲಿ ಕೇಳಿರುವುದು ಒಂದೇ: ಐಎಸ್‌ಎಸ್‌ಎನ್ ಸಂಖ್ಯೆ ಇದೆಯೇ? ಲೇಖಕರನ್ನಷ್ಟೇ ದೂರಿ ಫಲವಿಲ್ಲ. ಬಡ್ತಿಗೂ ಪದವಿಗೂ ಪ್ರಬಂಧಗಳನ್ನು ಎಣಿಸುವ ಪದ್ಧತಿ ಇಂಥವನ್ನೇ ಬೆಳೆಯುತ್ತದೆ. ಪಿಎಚ್‌ಡಿಗೆ ಮುನ್ನ ಪ್ರಬಂಧ ಪ್ರಕಟಿಸಲೇಬೇಕೆಂಬ ನಿಯಮವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿದೆ. ಎಣಿಸುವ ಚಾಳಿ ಅಷ್ಟು ಬೇಗ ಹೋಗುವಂಥದ್ದಲ್ಲ.

‘ಉಪಯೋಗವೇನು’ ಎಂಬ ಕಾಲಂ ತುಂಬದೆ ಇಂದು ಅನುದಾನದ ಅರ್ಜಿ ಮುಂದೆ ಸಾಗುವುದು ಕಷ್ಟ. 1928ರಲ್ಲಿ ರಾಮನ್ ಅಲ್ಲಿ ಏನು ಬರೆಯುತ್ತಿದ್ದರೋ! ಲೇಸರ್ ಬಂದದ್ದೇ 1960ರಲ್ಲಿ; ರಾಮನ್ ಪರಿಣಾಮ ದಿನಬಳಕೆಯ ಸಾಧನವಾದದ್ದು ಅದರ ನಂತರ. ಈಗ ಔಷಧ ಕಾರ್ಖಾನೆಗಳಲ್ಲಿ ಕಚ್ಚಾವಸ್ತುವನ್ನು ಗುರುತಿಸಲು ಅದು ಬೇಕು. 2021ರಲ್ಲಿ ಮಂಗಳನ ಮೇಲೆ ಇಳಿದ ಪರ್ಸಿವಿಯರೆನ್ಸ್ ರೋವರ್ ಕೂಡ ಕಲ್ಲುಗಳನ್ನು ಪರೀಕ್ಷಿಸುವುದಕ್ಕೆ ಅದನ್ನೇ ಹೊತ್ತೊಯ್ದಿದೆ.

ಬರೆಯುವ ತ್ವರೆಯೂ ಈ ಕತೆಯ ಒಂದು ಭಾಗ. ರಾಮನ್ 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಉಪನ್ಯಾಸ ಕೊಟ್ಟು ವಿಷಯವನ್ನು ವಿವರವಾಗಿ ಮಂಡಿಸಿದರು, ಆ ಪಾಠವನ್ನು ತಡಮಾಡದೆ ಅಚ್ಚು ಹಾಕಿಸಿ ಹಂಚಿದರು. ಅದೇ ವರ್ಷದ ಫೆಬ್ರವರಿಯಲ್ಲಿ ಮಾಸ್ಕೋದ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಹರಳುಗಳಲ್ಲಿ ಇದೇ ಪರಿಣಾಮವನ್ನು ಕಂಡಿದ್ದರು. ಅವರ ಪ್ರಬಂಧ ಹೊರಬಂದದ್ದು ಜುಲೈನಲ್ಲಿ.