ಜೇನುಪೆಟ್ಟಿಗೆಯ ಕಾಲಡಿಯ ನೀರು

ಹಾಲು, ಬೆಲ್ಲ, ಹಬ್ಬದ ಭಕ್ಷ್ಯಗಳನ್ನಿರಿಸುತ್ತಿದ್ದ ಗೂಡಿನ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸುವ ಪದ್ಧತಿಯನ್ನು ನಮ್ಮ ಹಿರಿಯರು ಮರೆತಿರಲಾರರು. ಹಿತ್ತಿಲ ಜೇನುಪೆಟ್ಟಿಗೆಯನ್ನು ಇರುವೆಯಿಂದ ಕಾಪಾಡುವ ವಿದ್ಯೆಯೂ ಅದಕ್ಕಿಂತ ಹಿರಿದಾದುದೇನಲ್ಲ. ಆದರೂ ಹೊಳಲ್ಕೆರೆಯ ಅಡಕೆ ತೋಟಗಳಲ್ಲಿಯೂ ಹಿರಿಯೂರು, ಚಿತ್ರದುರ್ಗಗಳ ಹಿತ್ತಿಲುಗಳಲ್ಲಿಯೂ ಉತ್ಸಾಹದಿಂದ ತಂದಿರಿಸಿದ ಪೆಟ್ಟಿಗೆಗಳು ಬರಿದಾಗಿ ಅಟ್ಟ ಸೇರುವುದಕ್ಕೆ ಈ ಅಲ್ಪವಿಷಯದ ಉಪೇಕ್ಷೆಯೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ನಾವು ಸಾಕುವ ತುಡುವೆ ಜೇನು ಬಹಳ ಅಭಿಮಾನದ ಜೀವಿ. ಹೂವಿಲ್ಲದ ತಿಂಗಳುಗಳಲ್ಲಿ ಬಲಗುಂದಿದ ಕುಟುಂಬದ ಮೇಲೆ ಗೊದ್ದಗಳು ರಾತ್ರಿ ದಾಳಿಯಿಟ್ಟು ಮರಿಯನ್ನೂ ತುಪ್ಪವನ್ನೂ ದೋಚತೊಡಗಿದುವೆಂದರೆ, ಅದು ಅಲ್ಲಿಯೇ ಕಾದು ಮಡಿಯುವುದಕ್ಕಿಂತ ಎರಿಗಳನ್ನು ತೊರೆದು ಹಾರಿಹೋಗುವುದೇ ಹೆಚ್ಚು. ಹಸಿದ ಕುಟುಂಬಕ್ಕೆಂದು ನಾವೇ ಇಡುವ ಸಕ್ಕರೆ ಪಾಕದ ಚೆಲ್ಲಿದ ಹನಿಗಳೇ ಎಷ್ಟೋ ವೇಳೆ ಇರುವೆಗೆ ಆಮಂತ್ರಣ.

ಹೊಸದುರ್ಗದ ಬಳಿಯ ತೆಂಗಿನ ತೋಟವೊಂದರಲ್ಲಿ ನಾನು ಕಂಡದ್ದಿದು: ಕಬ್ಬಿಣದ ಸ್ಟ್ಯಾಂಡು ಭದ್ರವಾಗಿದ್ದಿತು, ಬಟ್ಟಲುಗಳಲ್ಲಿ ನೀರೂ ಇದ್ದಿತು, ಆದರೆ ಉದುರಿದ ಗರಿಯ ಒಂದೇ ಒಂದು ಒಣ ಎಸಳು ನೆಲಕ್ಕೂ ಪೆಟ್ಟಿಗೆಯ ತಳಕ್ಕೂ ಸೇತುವೆಯಾಗಿ ಒರಗಿದ್ದು, ಅದರ ಮೇಲೆ ಇರುವೆಗಳು ನಾಯಕನಹಟ್ಟಿಯ ತೇರಿಗೆ ಹೊರಟ ಜನರಂತೆ ಸಾಲುಗಟ್ಟಿದ್ದುವು. ಎಸಳನ್ನು ತೆಗೆದೆಸೆಯುವುದಕ್ಕೆ ಒಂದು ಕ್ಷಣ ಸಾಕಾಯಿತು.

ಇಂತಹ ಸಂದರ್ಭದಲ್ಲಿ ಅಂಗಡಿಯ ಇರುವೆಪುಡಿಯನ್ನು ಪೆಟ್ಟಿಗೆಯ ಸುತ್ತ ಚೆಲ್ಲುವವರುಂಟು. ಇರುವೆಯೂ ಕೀಟ, ಜೇನೂ ಕೀಟ. ಒಂದನ್ನು ಕೊಲ್ಲುವ ವಿಷವು ಇನ್ನೊಂದನ್ನು ಗುರುತಿಸಿ ಬಿಟ್ಟೀತೆ? ಕಾಲುಗಳಿಗೆ ಬಳಿದ ಕೀಲೆಣ್ಣೆಯಾದರೋ ನಮ್ಮ ಬಯಲುಸೀಮೆಯ ಗಾಳಿಯಲ್ಲಿ ಬೇಗನೆ ಧೂಳು ಹಿಡಿದು ಇರುವೆಗೆ ದಾರಿಯಾಗುತ್ತದೆ. ನೀರೇ ಮೇಲು, ಆರದಂತೆ ಎರಡು ಹನಿ ಎಣ್ಣೆ ಬಿಡಬಹುದು, ಜೇನು ಬಿದ್ದು ಸಾಯದಂತೆ ಬಟ್ಟಲಿನ ಬಾಯಿಯನ್ನು ಕಿರಿದಾಗಿಸಬೇಕು, ಸುತ್ತಲಿನ ಹುಲ್ಲನ್ನು ಸವರಬೇಕು.

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗವು ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಅಪಾರವಾಗಿ ನಾಶಮಾಡಿದಾಗ ಸಾಕಣೆದಾರರು ಅಸಹಾಯಕರಾಗಿದ್ದರು. ಇರುವೆಯ ವಿಷಯದಲ್ಲಿ ನಮಗೆ ಆ ನೆಪವಿಲ್ಲ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಕಟ್ಟೆಯನ್ನು 1907ರಲ್ಲಿ ಪೂರೈಸಿದ ನಾಡು ನಾಲ್ಕು ಬಟ್ಟಲಿಗೆ ನೀರೆರೆಯಲು ಬೇಸರಿಸುವುದು ವಿನೋದವೇ ಸರಿ. ಸಹಾಯಧನದಲ್ಲಿ ಪೆಟ್ಟಿಗೆ ಕೊಡಿಸುವ ತೋಟಗಾರಿಕೆ ಇಲಾಖೆಯವರು ತರಬೇತಿಯಲ್ಲಿ ತುಪ್ಪ ತೆಗೆಯುವ ಯಂತ್ರಕ್ಕೆ ಮೊದಲು ಈ ಬಟ್ಟಲನ್ನು ತೋರಿಸಲಿ. ಪೆಟ್ಟಿಗೆಯುಳ್ಳವರು ಈ ಬೇಸಗೆಯಲ್ಲಿ ಮುಚ್ಚಳ ತೆರೆಯುವ ಮುನ್ನ ದಯವಿಟ್ಟು ಒಮ್ಮೆ ಬಗ್ಗಿ ಕಾಲಡಿಯನ್ನು ನೋಡಿರಿ.