ತೇಪೆ ಹಾಕಿದ ಸೈಲೆನ್ಸರು

ಹಳೆಯ ಗಾಡಿಯನ್ನು ಇಟ್ಟುಕೊಳ್ಳುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಎರಡು ಲಕ್ಷ ಕಿಲೋಮೀಟರು ಓಡಿದ ಸ್ಕಾರ್ಪಿಯೋವನ್ನೋ ಸಫಾರಿಯನ್ನೋ ಜೋಪಾನ ಮಾಡಿ ಇನ್ನೂ ಓಡಿಸುತ್ತಿರುವ ಹೌರಾದ ಸದಸ್ಯ ಬಾಂಧವರ ಬಗ್ಗೆ ನಮಗೆ ಗೌರವವೇ ಇದೆ. ಬಳಸಿ ಬಿಸಾಡುವ ಈ ಕಾಲದಲ್ಲಿ ಅದೂ ಒಂದು ಸದ್ಗುಣ. ನಮ್ಮ ತಕರಾರು ಗಾಡಿಯ ವಯಸ್ಸಿನ ಮೇಲಲ್ಲ, ಅದರ ಬಾಲದ ಮೇಲೆ. ಸೈಲೆನ್ಸರು ತೂತಾದಾಗ ನಮ್ಮವರು ಮಾಡುತ್ತಿರುವುದೇನು, ಮಾಡಬೇಕಾದದ್ದೇನು ಎಂಬ ಬಗ್ಗೆ ಈ ಸಲ ಸ್ವಲ್ಪ ಖಾರವಾಗಿಯೇ ಬರೆಯಬೇಕಾಗಿದೆ. ಓದುಗರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಮಾಡುವುದು ಇಷ್ಟೆ. ಗಾಡಿ ಗುಡುಗತೊಡಗಿದ ಕೂಡಲೇ ರಸ್ತೆ ಬದಿಯ ವೆಲ್ಡರನ ಬಳಿಗೆ ಹೋಗುವುದು. ಹೌರಾದಲ್ಲಿ ವೆಲ್ಡರರಿಗೆ ಬರವೆ? ಬೆಲಿಲಿಯಸ್ ರಸ್ತೆಯ ಸುತ್ತಿನ ಎರಕದ ಮನೆಗಳೂ ಲೇತು ಅಂಗಡಿಗಳೂ ಒಂದು ಕಾಲಕ್ಕೆ ಈ ಊರಿಗೆ ‘ಪೂರ್ವದ ಶೆಫೀಲ್ಡ್’ ಎಂಬ ಹೆಸರನ್ನು ತಂದುಕೊಟ್ಟವು. ಇಲ್ಲಿಯ ಕೈಗಳ ಕುಶಲತೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಕುಶಲ ಕೈಯಿಂದ ಮಾಡಿಸಿದ ಮಾತ್ರಕ್ಕೆ ಕೆಟ್ಟ ಕೆಲಸ ಒಳ್ಳೆಯದಾಗುವುದಿಲ್ಲ. ತೂತಿನ ಮೇಲೊಂದು ತಗಡಿನ ಚೂರು, ನಾಲ್ಕು ಕಿಡಿ, ಕೆಲವು ನೂರು ರೂಪಾಯಿ; ಗಾಡಿ ಮತ್ತೆ ಮೌನಿ. ಕೆಲವು ತಿಂಗಳು ಕಳೆದರೆ ಅದೇ ತೇಪೆಯ ಪಕ್ಕದಲ್ಲಿ ಇನ್ನೊಂದು ತೂತು. ಆಗ ಇನ್ನೊಂದು ತೇಪೆ. ಕೆಲವರು ಇನ್ನೂ ಮುಂದೆ ಹೋಗಿ ನೀರಿನ ಕಲಾಯಿ ಪೈಪಿನ ತುಂಡನ್ನೇ ಬೆಸೆಸಿಕೊಳ್ಳುತ್ತಾರೆ. ಆ ಪೈಪಿನ ಸತು ಬೆಂಕಿಗೆ ಆವಿಯಾಗಿ ವೆಲ್ಡರನ ಎದೆಗಿಳಿದು ಸಂಜೆಗೆ ಅವನಿಗೆ ಜ್ವರ ಬರಿಸುತ್ತದೆ. ನಾವು ಉಳಿಸಿದ ಹಣಕ್ಕೆ ಅವನ ಮೈ ಬೆಲೆ ತೆರಬೇಕು.

ತೇಪೆ ನಿಲ್ಲದಿರುವುದಕ್ಕೆ ಕಾರಣವಿದೆ. ಹೊಗೆಕೊಳವೆ ತುಕ್ಕು ಹಿಡಿಯುವುದು ಹೊರಗಿನಿಂದ ಮಾತ್ರವಲ್ಲ, ಒಳಗಿನಿಂದಲೂ. ಒಂದು ಲೀಟರು ಇಂಧನ ಉರಿದರೆ ಹತ್ತಿರ ಹತ್ತಿರ ಒಂದು ಲೀಟರು ನೀರೇ ಆವಿಯಾಗಿ ಆ ಕೊಳವೆಯಲ್ಲಿ ಹೊರಡುತ್ತದೆ. ಗಾಡಿ ದೂರ ಓಡಿದರೆ ಕೊಳವೆ ಚೆನ್ನಾಗಿ ಕಾದು ಆವಿಯೆಲ್ಲ ಹೊರಬೀಳುತ್ತದೆ. ಶಿಬ್‌ಪುರದಿಂದ ಕದಂತಲಾ ಬಜಾರಿಗೆ ಹೋಗಿ ಕಾಯಿಪಲ್ಯ ತಂದರೆ ಕಾಯುವುದಕ್ಕೆ ಸಮಯವೆಲ್ಲಿ? ಆವಿ ನೀರಾಗಿ, ಹೊಗೆಯ ಆಮ್ಲವನ್ನು ಸೇರಿಸಿಕೊಂಡು, ಸೈಲೆನ್ಸರಿನ ಹೊಟ್ಟೆಯಲ್ಲಿ ತಂಗುತ್ತದೆ. ಸಾಲದ್ದಕ್ಕೆ ಪಂಚಾನನತಲಾ, ಟಿಕಿಯಾಪಾಡಾಗಳ ಮಳೆಗಾಲ. ಮೊಣಕಾಲುದ್ದ ನಿಂತ ನೀರಿನಲ್ಲಿ ಕಾದ ಕೊಳವೆ ಮುಳುಗಿ ಏಳುತ್ತದೆ. ಒಂದು ಕಡೆ ತೂತು ಕಂಡಿತೆಂದರೆ ಉಳಿದ ಕಡೆಯೂ ತಗಡು ಹಾಳೆಯಷ್ಟು ತೆಳ್ಳಗಾಗಿದೆ ಎಂದೇ ಅರ್ಥ. ಹಳೆಯ ಬಟ್ಟೆಗೆ ಹೊಸ ತೇಪೆ ಹೊಲಿದರೆ ಬಟ್ಟೆ ಎಲ್ಲಿ ಹರಿಯುತ್ತದೆಂದು ನಮ್ಮ ಅಜ್ಜಿಯರನ್ನು ಕೇಳಿದ್ದರೂ ಹೇಳುತ್ತಿದ್ದರು. (ಅಂದ ಹಾಗೆ, 2024ರ ಮಾರ್ಚಿನಿಂದ ಹೌರಾ ಮೈದಾನದಿಂದ ಹೂಗ್ಲಿ ನದಿಯ ಅಡಿಯಲ್ಲೇ ಮೆಟ್ರೋ ಓಡುತ್ತಿದೆ. ಎಸ್ಪ್ಲನೇಡಿಗೆ ಹೋಗಲು ಎರಡು ಟನ್ನಿನ ಗಾಡಿ ಹೊರಡಿಸುವವರು ತಮ್ಮ ಸೈಲೆನ್ಸರಿಗಾದರೂ ಕರುಣೆ ತೋರಬಹುದು.)

ತೇಪೆ ಬರಿಯ ಜಿಪುಣತನ. ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಒಂದು ಡಬ್ಬಿಯಿರುತ್ತದೆ, ಕ್ಯಾಟಲಿಟಿಕ್ ಕನ್ವರ್ಟರು. ಒಳಗೆ ಜೇನುಗೂಡಿನಂಥ ಪಿಂಗಾಣಿ, ಅದರ ಮೇಲೆ ಪ್ಲಾಟಿನಂ, ಪಲ್ಲೇಡಿಯಂಗಳ ತೆಳು ಲೇಪ. ಎಂಜಿನ್ನು ಉಗುಳುವ ಕಾರ್ಬನ್ ಮಾನಾಕ್ಸೈಡನ್ನೂ ಅರೆಬೆಂದ ಇಂಧನದ ಆವಿಯನ್ನೂ ಅದು ಸುಟ್ಟು ನಿರುಪದ್ರವಿಯಾಗಿಸುತ್ತದೆ. ನಮ್ಮ ದೇಶದಲ್ಲಿ 1995ರ ಏಪ್ರಿಲಿನಲ್ಲಿ ದಿಲ್ಲಿ, ಮುಂಬಯಿ, ಕಲ್ಕತ್ತಾ, ಮದರಾಸುಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಮೊದಲು ಕಡ್ಡಾಯವಾಯಿತು. ಇದಕ್ಕಾಗಿಯೇ ಸೀಸವಿಲ್ಲದ ಪೆಟ್ರೋಲು ಬಂತು. ಈಗ ಗ್ಯಾರೇಜಿನಲ್ಲಿ ನಡೆಯುವುದನ್ನು ಕೇಳಿ. “ಕನ್ವರ್ಟರು ಕಟ್ಟಿಕೊಂಡಿದೆ, ಹೊಸದಕ್ಕೆ ಹತ್ತಾರು ಸಾವಿರ. ತೆಗೆದು ನೇರ ಪೈಪು ಹಾಕಿಬಿಡೋಣ, ಮೈಲೇಜೂ ಹೆಚ್ಚುತ್ತದೆ. ಹಳೆಯದನ್ನು ನಾವೇ ಎಸೆಯುತ್ತೇವೆ, ನಿಮಗೇಕೆ ತೊಂದರೆ?” ನಮ್ಮವರು ಈ ಉಪಕಾರಕ್ಕೆ ಕೈಮುಗಿದು ಬರುತ್ತಾರೆ. ಅದನ್ನು ಯಾರೂ ಎಸೆಯುವುದಿಲ್ಲ, ಸ್ವಾಮಿ! ಅದರೊಳಗಿನ ಲೋಹಕ್ಕಾಗಿ ಗುಜರಿಯವರು ಕಾದು ಕುಳಿತಿರುತ್ತಾರೆ. ನಮ್ಮ ಗಂಟನ್ನು ಕೊಟ್ಟು, ಕೂಲಿಯನ್ನೂ ಕೊಟ್ಟು, ಅಕ್ಕಪಕ್ಕದವರ ಉಸಿರನ್ನೂ ಕೊಟ್ಟು ಬಂದಂತಾಯಿತು.

“ಆದರೆ ನಮ್ಮ ಗಾಡಿ ಹೊಗೆ ಪರೀಕ್ಷೆಯಲ್ಲಿ ಪಾಸಾಗಿದೆಯಲ್ಲ” ಎಂದು ಪ್ರಮಾಣಪತ್ರ ತೋರಿಸುವವರಿದ್ದಾರೆ. ಡೀಸೆಲ್ ಗಾಡಿಯ ಆ ಪರೀಕ್ಷೆಯಲ್ಲಿ ಅಳೆಯುವುದು ಹೊಗೆಯ ಕಪ್ಪನ್ನು ಮಾತ್ರ. ಕಣ್ಣಿಗೆ ಕಾಣದ ಅನಿಲಗಳನ್ನು ಅಲ್ಲಿ ಅಳೆಯುವುದೇ ಇಲ್ಲ. ಕನ್ವರ್ಟರು ಇದ್ದರೂ ಇಲ್ಲದಿದ್ದರೂ ಯಂತ್ರಕ್ಕೆ ಗೊತ್ತಾಗದು. ಪೆಟ್ರೋಲ್ ಗಾಡಿಯಲ್ಲಿ ಅನಿಲವನ್ನು ಅಳೆಯುತ್ತಾರೆ, ನಿಜ. ಆದರೆ ಕೊಳವೆಯ ನಡುವೆ ತೂತಿದ್ದರೆ ಹೊರಗಿನ ಗಾಳಿ ಅದರೊಳಗೆ ಸೇರಿ ಹೊಗೆ ತೆಳುವಾಗುತ್ತದೆ. ತೂತಿದ್ದ ಗಾಡಿಯೇ ಪರೀಕ್ಷೆಯಲ್ಲಿ ಹೆಚ್ಚು ಮಡಿವಂತ! ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಇಲ್ಲಿ ಕನ್ನಡಿಯೂ ಸುಳ್ಳು ಹೇಳುತ್ತಿದೆ.

ಈ ಹೊಗೆ ಎಲ್ಲಿಗೆ ಹೋಗುತ್ತದೆ? ಹೌರಾದ ಜಿ.ಟಿ. ರಸ್ತೆಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಶಿಬ್‌ಪುರದಿಂದ ಸಾಲ್ಕಿಯಾ, ಘುಸುಡಿ, ಬೇಲೂರು ಮಠದ ಕಡೆಗೆ ಹೋಗುವ ಆ ಇಕ್ಕಟ್ಟು ದಾರಿಯಲ್ಲಿ ಗಾಡಿಯ ಬಾಲ ನಿಲ್ಲುವುದು ಯಾರದೋ ಅಡುಗೆಮನೆಯ ಕಿಟಕಿಗೆ, ಶಾಲೆಗೆ ನಡೆದು ಹೋಗುವ ಹುಡುಗನ ಮುಖಕ್ಕೆ ನೇರವಾಗಿ. ಚಳಿಗಾಲದಲ್ಲಿ ಘುಸುಡಿಯ ಮಾಪಕ ತೋರಿಸುವ ಅಂಕಿಗಳನ್ನು ಬೆಳಗಿನ ಪತ್ರಿಕೆಯಲ್ಲಿ ಓದಿ “ಛೆ, ಛೆ” ಎನ್ನುವವರೂ ನಾವೇ.

ಹೊರಗಿನವರ ಚಿಂತೆ ಇಲ್ಲದವರು ಒಳಗಿನವರದ್ದಾದರೂ ಮಾಡಲಿ. ಈ ಜಾತಿಯ ದೊಡ್ಡ ಗಾಡಿಗಳ ಹಿಂಭಾಗ ಗೋಡೆಯಂತೆ ಚಪ್ಪಟೆ. ಓಡುವಾಗ ಅದರ ಹಿಂದೆ ಗಾಳಿ ಸುಳಿಯಾಗಿ ತಿರುಗುತ್ತಿರುತ್ತದೆ. ತಳದಲ್ಲಿ ಕೊಳವೆ ತೂತಾಗಿ, ಹಿಂದಿನ ಬಾಗಿಲಿನ ರಬ್ಬರು ಹರಿದಿದ್ದರೆ ಹೊಗೆ ಒಳಗೇ ಬರುತ್ತದೆ. ಕಡೆಯ ಸಾಲಿನಲ್ಲಿ ಯಾರನ್ನು ಕೂರಿಸುತ್ತೇವೆ? ಮಕ್ಕಳನ್ನು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಗು ತೂಕಡಿಸಿದರೆ ಪ್ರಯಾಣದ ಆಯಾಸವೆಂದುಕೊಳ್ಳುತ್ತೇವೆ.

ಸರಕಾರವನ್ನೂ ನ್ಯಾಯಾಲಯಗಳನ್ನೂ ನಾವು ಬಿಟ್ಟುಕೊಡುವುದಿಲ್ಲ. ಕಲ್ಕತ್ತಾ ಉಚ್ಚ ನ್ಯಾಯಾಲಯದ 2008ರ ಆಜ್ಞೆಯಂತೆ 15 ವರ್ಷ ದಾಟಿದ ಬಾಡಿಗೆ ವಾಹನಗಳು ಮಹಾನಗರದ ರಸ್ತೆ ಬಿಡಬೇಕಾಯಿತು. 2022ರ ಜುಲೈಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಪೂರ್ವ ವಲಯ ಪೀಠ, ಹೌರಾ ಮತ್ತು ಕೋಲ್ಕತ್ತಾಗಳಲ್ಲಿ 15 ವರ್ಷ ಮೀರಿದ ಖಾಸಗಿ ವಾಹನಗಳನ್ನೂ ಆರು ತಿಂಗಳೊಳಗೆ ತೆಗೆಯಬೇಕೆಂದಿತು. ಉದ್ದೇಶ ಒಳ್ಳೆಯದೇ. ಆದರೆ ಅಳತೆಗೋಲು ವರ್ಷವಾಯಿತು, ಹೊಗೆಯಾಗಲಿಲ್ಲ. ಐದು ವರ್ಷದ ಗಾಡಿ ಕನ್ವರ್ಟರು ಮಾರಿಕೊಂಡು ಓಡಬಹುದು. ಹದಿನಾರು ವರ್ಷದ್ದು ಎಲ್ಲ ಅಂಗಗಳನ್ನೂ ಸರಿಯಾಗಿಟ್ಟುಕೊಂಡೂ ಗುಜರಿ ಸೇರಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೀಗೆ ವಾದಿಸುವ ಹಕ್ಕು ನಮಗಿರಬೇಕಾದರೆ ಮೊದಲು ನಮ್ಮ ಎಮ್ಮೆಗಳು ಆರೋಗ್ಯವಾಗಿರಬೇಕಲ್ಲವೆ? ಬಾಲ ಕೊಳೆತ ಗಾಡಿಯಲ್ಲಿ ಕುಳಿತು ಕಾನೂನು ಕುರುಡೆಂದರೆ ಯಾರು ಕೇಳುತ್ತಾರೆ?

“ಇನ್ನೆರಡು ವರ್ಷ ಓಡುವ ಗಾಡಿಗೆ ಇಷ್ಟು ಖರ್ಚೇಕೆ?” ಇದು ಕೊನೆಯ ಪ್ರಶ್ನೆ, ಎಲ್ಲರ ನಾಲಗೆಯ ತುದಿಯಲ್ಲಿರುವ ಪ್ರಶ್ನೆ. ಆ ಎರಡು ವರ್ಷ ಬೀದಿಯವರೂ ಉಸಿರಾಡಬೇಕಾಗಿದೆ ಎಂಬುದೇ ನಮ್ಮ ಉತ್ತರ. ಅಷ್ಟು ಖರ್ಚು ಗಾಡಿಗೆ ತಕ್ಕುದಲ್ಲವೆಂದರೆ ಗಾಡಿಯನ್ನು ಇಂದೇ ಬಿಡಿ. ಓಡಿಸುವುದಾದರೆ ಎಂಜಿನ್ನಿನ ಬಾಯಿಂದ ಬಾಲದ ತುದಿಯವರೆಗೆ ಒಮ್ಮೆಲೇ ಬದಲಿಸಿ. ಹಣ ಸಾಲದಿದ್ದರೆ ಸೈಲೆನ್ಸರು ಅಗ್ಗದ್ದಾಗಲಿ, ಕನ್ವರ್ಟರು ಮಾತ್ರ ಬೇಡ. ಗ್ಯಾಸ್ಕೆಟ್ಟು, ಬೋಲ್ಟು, ಕೊಳವೆಯನ್ನು ತೂಗುಹಾಕುವ ರಬ್ಬರು, ಇವು ಚಿಲ್ಲರೆ ಖರ್ಚು; ಹಳೆಯವನ್ನೇ ಹಾಕಿಸಿಕೊಳ್ಳಬೇಡಿ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಲು ಹೇಳಿ, ಇಲ್ಲವಾದರೆ ಮುರಿದು ಕೂಲಿ ದುಪ್ಪಟ್ಟಾಗುತ್ತದೆ. ಎಲ್ಲವನ್ನೂ ಸಡಿಲವಾಗಿ ಜೋಡಿಸಿ ಸರಿಹೊಂದಿಸಿದ ಮೇಲೆಯೇ ಮುಂದಿನಿಂದ ಹಿಂದಕ್ಕೆ ಬಿಗಿಯಬೇಕು. ಕರಿಹೊಗೆ ಬರುತ್ತಿದ್ದರೆ ಅದು ಬೇರೆ ರೋಗ. ಇಂಜೆಕ್ಟರನ್ನು ನೋಡಿಸಿ, ಕೊಳವೆಯಿಂದ ಅದು ವಾಸಿಯಾಗದು. ಬಿಲ್ಲಿನಲ್ಲಿ ಕನ್ವರ್ಟರಿನ ಹೆಸರು ಬರೆಸಿಕೊಳ್ಳಿ, ಹಳೆಯದನ್ನು ಕೈಗೆ ಕೇಳಿ ಪಡೆಯಿರಿ. ಕೇಳಿದ ಕೂಡಲೇ ಮೇಸ್ತ್ರಿಯ ಮುಖ ಸಪ್ಪಗಾದರೆ ಅದರ ಬೆಲೆ ನಿಮಗೆ ತಿಳಿಯುತ್ತದೆ.

ಗಾಡಿಯ ಸ್ಥಿತಿ ತಿಳಿಯಲು ಮೆಕ್ಯಾನಿಕ್ಕೇ ಬೇಕೆಂದಿಲ್ಲ. ಬೆಳಿಗ್ಗೆ ಬಯಲಿನಲ್ಲಿ ತಣ್ಣಗಿರುವ ಗಾಡಿಯನ್ನು ಚಾಲೂ ಮಾಡಿ, ದಪ್ಪ ಬಟ್ಟೆಯ ಮುದ್ದೆಯನ್ನು ಬಾಲದ ಬಾಯಿಗೆ ಒಂದು ಕ್ಷಣ ಒತ್ತಿ ಹಿಡಿಯಿರಿ. ತಳದಲ್ಲಿ ಎಲ್ಲಿಯಾದರೂ ಹಾವು ಬುಸುಗುಟ್ಟಿದಂತೆ ಕೇಳಿಸಿದರೆ ತೂತು ಅಲ್ಲಿದೆ. ಸಂಘದ ಮುಂದಿನ ಸಭೆಯ ದಿನ, ಕಾಫಿಗೆ ಮೊದಲು, ಬಂದ ಗಾಡಿಗಳಿಗೆಲ್ಲ ಈ ಪರೀಕ್ಷೆ ಮಾಡೋಣವೆಂದು ನಮ್ಮ ಸೂಚನೆ. ಕಾರ್ಯಕಾರಿ ಸಮಿತಿಯವರ ಗಾಡಿಗಳಿಂದಲೇ ಆರಂಭವಾಗಲಿ.