ಆಕಾಶದ ಕಾಟಾಕ್ಕೂ ಮುದ್ರೆ ಬೇಕು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ರೈತನು ಕಬ್ಬು ಹೇರಿದ ಟ್ರ್ಯಾಕ್ಟರನ್ನು ಕಾರ್ಖಾನೆಯ ಕಾಟಾದ ಮೇಲೆ ನಿಲ್ಲಿಸುವಾಗ, ಆ ಕಾಟಾಕ್ಕೆ ಸರ್ಕಾರದ ಮುದ್ರೆ ಬಿದ್ದಿದೆಯೆ ಎಂದು ಕೇಳುವುದು, ವರ್ಷವಿಡೀ ಸುರಿಸಿದ ಬೆವರಿನ ಬೆಲೆಯು ಆ ಒಂದು ಅಂಕೆಯನ್ನೇ ಆಶ್ರಯಿಸಿರುವುದರಿಂದ. ಅವನ ಹೊಲವನ್ನು ಮೇಲಿನಿಂದ ಅಳೆಯುವ ರಾಡಾರ್ ಉಪಗ್ರಹದ ವಿಷಯದಲ್ಲಿಯೂ ಅದೇ ಪ್ರಶ್ನೆಯನ್ನು ಕೇಳುವ ಕಾಲ ಬಂದಿದೆ.

2019ರ ಆಗಸ್ಟಿನಲ್ಲಿ ಘಟಪ್ರಭೆಯೂ ಮಾರ್ಕಂಡೇಯ ನದಿಯೂ ಉಕ್ಕಿ, ಲೋಳಸೂರ ಸೇತುವೆಯನ್ನು ಮುಳುಗಿಸಿ, ಗೋಕಾಕದ ಓಣಿಗಳೊಳಕ್ಕೆ ನುಗ್ಗಿದುವು. ಆಕಾಶವು ಮೇಘಾವೃತವಾದ ಅಂಥ ದಿನಗಳಲ್ಲಿ ಬೆಳಕನ್ನು ನೆಚ್ಚಿದ ಕ್ಯಾಮೆರಾ ಕುರುಡು. ಮೋಡವನ್ನು ಭೇದಿಸಿ ನೆಲವನ್ನು ಮುಟ್ಟಿ ಮರಳುವ ರಾಡಾರ್ ತರಂಗವೇ ಕಣ್ಣು. ಬಯಲಲ್ಲಿ ನಿಂತ ನೀರು ತರಂಗವನ್ನು ಕನ್ನಡಿಯಂತೆ ಆಚೆಗೆ ಜಾರಿಸಿ ಚಿತ್ರದಲ್ಲಿ ಕಪ್ಪಾಗುತ್ತದೆ. ಕಬ್ಬಿನ ಮಾತು ಬೇರೆ: ನೀರಿಗೊಮ್ಮೆ, ದಂಟಿಗೊಮ್ಮೆ ತಾಗಿ ಎರಡು ಬಾರಿ ಪುಟಿದ ತರಂಗವು ಮುಳುಗಿದ ಬೆಳೆಯನ್ನು ಹೊಳೆಯುವಂತೆ ತೋರಿಸುವುದುಂಟು. ಹೊಳಪನ್ನಷ್ಟೇ ನೋಡಿದವನಿಗೆ ಅದು ಸೊಂಪಾದ ಫಸಲು.

ಈ ಭ್ರಾಂತಿಯನ್ನು ಕಳೆಯುವುದು ಧ್ರುವೀಕರಣದ ವಿದ್ಯೆ. ತರಂಗವನ್ನು ಅಡ್ಡಕ್ಕೂ ಲಂಬಕ್ಕೂ ಕಂಪಿಸುವಂತೆ ಕಳುಹಿ, ಮರಳಿದುದು ಯಾವ ದಿಕ್ಕಿನಲ್ಲಿ ಎಷ್ಟು ಕಂಪಿಸುತ್ತಿದೆಯೆಂದು ಅಳೆದರೆ, ದಂಟಿನ ಪುಟಿತವನ್ನು ಎಲೆಗಳ ಚದುರುವಿಕೆಯಿಂದ ಬೇರ್ಪಡಿಸಬಹುದು. ಆದರೆ ಯಂತ್ರದೊಳಗೆ ಒಂದು ದಾರಿಯ ಸಂಕೇತವು ಇನ್ನೊಂದಕ್ಕೆ ಸೋರಿದರೆ, ಅಥವಾ ನಿಸಾರ್ ಎಂಬ ರಾಡಾರ್ ಉಪಗ್ರಹವು ಬಳಸುವ ಸುಮಾರು 24 ಸೆಂಟಿಮೀಟರಿನ ದೀರ್ಘತರಂಗವನ್ನು ಅಯಾನಮಂಡಲವು ನಡುದಾರಿಯಲ್ಲಿ ತಿರುಚಿದರೆ, ಈ ವಿವೇಚನೆಯೇ ಕಲುಷಿತವಾಗಿ, ಮುಳುಗಿದ ಗದ್ದೆಯು ಒಣ ಗದ್ದೆಯ ಲೆಕ್ಕಕ್ಕೆ ಸೇರೀತು.

ಕಾಟಾಕ್ಕೆ ತೂಕದ ಕಲ್ಲಿದ್ದಂತೆ ಇದಕ್ಕೂ ಒಂದು ಕಲ್ಲುಂಟು: ಪರಸ್ಪರ ಲಂಬವಾದ ಮೂರು ಲೋಹದ ಹಲಗೆಗಳ ಮೂಲೆ. ಬಂದ ತರಂಗವನ್ನು ಬಂದತ್ತಲೇ ಮರಳಿಸುವ ಆ ಮೂಲೆಯು ಅಡ್ಡಕ್ಕೂ ಲಂಬಕ್ಕೂ ಸಮಾನವಾಗಿ ಉತ್ತರಿಸುತ್ತದೆ, ಒಂದನ್ನು ಇನ್ನೊಂದಾಗಿ ಬದಲಿಸುವುದಿಲ್ಲ; ಚಿತ್ರದಲ್ಲಿ ಬೇರೆ ಕಂಡರೆ ದೋಷ ಯಂತ್ರದ್ದು, ಇಲ್ಲವೆ ದಾರಿಯದು. ಅಮೆಜಾನಿನ ಸಮರೂಪ ಅರಣ್ಯದ ಮೇಲೆಯೂ ಈ ಪರೀಕ್ಷೆ ನಡೆಯುತ್ತದೆಂಬುದನ್ನು ನಾನು ಬಲ್ಲೆ. ಆದರೂ ಆ ಹಸಿರು ನಮ್ಮ ಕಬ್ಬಿನ ಪರವಾಗಿ ಸಾಕ್ಷಿ ನುಡಿಯಲಾರದು.

ಆದಕಾರಣ ಅರಭಾವಿಯ ತೋಟಗಾರಿಕಾ ಮಹಾವಿದ್ಯಾಲಯದ ಆವರಣದಲ್ಲಿಯೂ ಹಿಡಕಲ್ ಜಲಾಶಯದ ಬಳಿಯಲ್ಲಿಯೂ ಇಂಥ ಮೂಲೆಗಳನ್ನು ಶಾಶ್ವತವಾಗಿ ನಿಲ್ಲಿಸಬೇಕು. ನಮ್ಮ ಎರೆಭೂಮಿಯು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವಂಥದು. ತಳಪಾಯ ಆಳವಾಗಿರದಿದ್ದರೆ ಹಲಗೆ ವಾಲಿ ಅಳತೆಗೋಲೇ ಸುಳ್ಳಾಡೀತು. ಹಲಗೆಯಲ್ಲಿ ನೀರು ನಿಲ್ಲದಂತೆ ರಂಧ್ರವಿರಬೇಕು, ಧೂಳೊರೆಸುವ ಕೈಯೊಂದು ಊರಿನಲ್ಲಿಯೇ ಇರಬೇಕು. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದೇರಿದ ನಿಸಾರ್ 12 ದಿನಗಳಿಗೊಮ್ಮೆ ಅದೇ ಹಾದಿಗೆ ಮರಳುತ್ತದೆ. ಪ್ರವಾಹದ ಪರಿಹಾರಕ್ಕಾಗಲಿ ಬೆಳೆವಿಮೆಗಾಗಲಿ ಅಂಥ ಚಿತ್ರವೊಂದನ್ನು ಸಾಕ್ಷ್ಯವಾಗಿ ಮುಂದಿಟ್ಟಾಗ, ಅದನ್ನು ಎಂದು, ಯಾವ ಮೂಲೆಯ ಮೇಲೆ ಪರೀಕ್ಷಿಸಲಾಯಿತು, ಎಷ್ಟು ತಪ್ಪು ಉಳಿದಿದೆ ಎಂಬ ಒಂದು ಪುಟವು ಕನ್ನಡದಲ್ಲಿ ತಹಶೀಲ್ದಾರರ ಕಚೇರಿಯ ಫಲಕದ ಮೇಲೆ ತೂಗಲಿ.